ಇಪ್ಪತ್ತೆರಡನೆಯ ಹೆಸರು

ನಮ್ಮ ಸೀಮೆಯಲ್ಲಿ ‘ಆಟ’ ಎಂದರೆ ಯಕ್ಷಗಾನ. ‘ಇವತ್ತು ಎಲ್ಲಿ ಆಟ?’ ಎಂದು ಯಾರಾದರೂ ಕೇಳಿದರೆ ಚೆಂಡಾಗಲಿ ದಾಂಡಾಗಲಿ ಕಾಸರಗೋಡಿನ ಕನ್ನಡಿಗರ ಮನಸ್ಸಿಗೆ ಬರುವುದಿಲ್ಲ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಂದಿನಿಂದ ಮುಂದಿನ ತಿರುಗಾಟ ಹೊರಡುವ ತನಕ, ಮಳೆಗಾಲವಿಡೀ, ನಮ್ಮ ಜಗಲಿಯಲ್ಲಿ ನಡೆಯುವುದು ಒಂದೇ ವಿಚಾರ. ಯಾರು ಯಾವ ಮೇಳ ಬಿಟ್ಟರು, ಅವರ ಜಾಗಕ್ಕೆ ಯಾರು ಬಂದರು, ಪುಂಡುವೇಷದಲ್ಲಿ ಹೆಸರು ಮಾಡಿದ ಹುಡುಗನಿಗೆ ಎದುರುವೇಷ ಕೊಟ್ಟರೆ ತಾಳಿಯಾನೇ, ಆ ಭಾಗವತರ ಪದಕ್ಕೆ ಈತನ ಕುಣಿತ ಹೊಂದೀತೇ. ಹೊಸಬನ ಒಂದೇ ಒಂದು ವೇಷವನ್ನೂ ನೋಡದವರು ಈ ಚರ್ಚೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಾರೆ. ನಾವೂ ಮಾತಾಡಿದ್ದೇವೆ.

ಇದೇ ಚರ್ಚೆಯನ್ನು, ಇದೇ ಏರುದನಿಯಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ ಕೇಳುವ ಯೋಗ ನಮಗೆ 2020ರಲ್ಲಿ ಒದಗಿತು. ಸಮ್ಮೇಳನದ ಸ್ಮರಣ ಸಂಚಿಕೆಗೆ ಅಮೆರಿಕದ ಅನುಭವ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಅವರು ನಿರೀಕ್ಷಿಸಿದ್ದು ಬಹುಶಃ ನಯಾಗರ ಜಲಪಾತವನ್ನು. ನಾವು ನಯಾಗರ ನೋಡಲಿಲ್ಲ. ನೋಡಿದ್ದು ಮಗನ ಮನೆಯ ಅಂಗಳ, ಟಿ.ವಿ. ಮತ್ತು ಇಪ್ಪತ್ತು ವರ್ಷದ ಒಬ್ಬ ಹುಡುಗನ ವಿಷಯದಲ್ಲಿ ದೊಡ್ಡವರು ಮಾಡಿದ ಜಗಳ.

ನಾವಿಬ್ಬರೂ ಒಂದೇ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಒಬ್ಬರು ಮುಖ್ಯೋಪಾಧ್ಯಾಯ, ಇನ್ನೊಬ್ಬರು ಹೈಸ್ಕೂಲಿನ ಹಿರಿಯ ಅಧ್ಯಾಪಿಕೆ. ಆ ವರ್ಷದ ಜನವರಿಯಲ್ಲಿ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಬಳಿಯಿರುವ ಮಗನ ಮನೆಗೆ ಮೂರು ತಿಂಗಳ ಮಟ್ಟಿಗೆ ಹೋದೆವು. ಮಂಡಿಯುದ್ದ ಹಿಮ. ಅದು ಕರಗುವ ಹೊತ್ತಿಗೆ ಕೊರೊನಾ ಬಂತು, ಮಾರ್ಚಿಯಲ್ಲಿ ಭಾರತಕ್ಕೆ ವಿಮಾನಗಳು ನಿಂತವು. ಅತ್ತ ನಮ್ಮ ಜಿಲ್ಲೆಯ ಹೆಸರು ದಿನವೂ ವಾರ್ತೆಯಲ್ಲಿ ಬರುತ್ತಿತ್ತು. ತಲಪಾಡಿಯಲ್ಲಿ ಗಡಿ ಮುಚ್ಚಿತು ಎಂದು ಫೋನಿನಲ್ಲಿ ಕೇಳಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮಂಗಳೂರಿನ ಆಸ್ಪತ್ರೆಯೇ ನಮ್ಮ ಆಸ್ಪತ್ರೆ ಎಂದು ಬದುಕಿದವರು ನಾವು. ವೀಸಾ ವಿಸ್ತರಣೆಗೆ ಅರ್ಜಿ ಹಾಕಿ ಮಗನ ಮನೆಯಲ್ಲೇ ಕುಳಿತೆವು.

ಮೊಮ್ಮಗನಿಗೆ ಆಗ ಹನ್ನೊಂದು ವರ್ಷ. ಮಾರ್ಚಿಯಲ್ಲಿ ಒಂದು ದಿನ ಅವನು ಊಟ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡ. ಶಾಲೆ ಮುಚ್ಚಿದ ದುಃಖವೆಂದು ನಾವು ಬಗೆದಿದ್ದೆವು. ಸಂಗತಿ ಬೇರೆಯೇ ಆಗಿತ್ತು. ಅವನ ಮಿನೆಸೋಟ ವೈಕಿಂಗ್ಸ್ ತಂಡವು ಸ್ಟೆಫಾನ್ ಡಿಗ್ಸ್ ಎಂಬ ಆಟಗಾರನನ್ನು ಬಫಲೋ ತಂಡಕ್ಕೆ ಕೊಟ್ಟುಬಿಟ್ಟಿತ್ತು. ಈ ಡಿಗ್ಸ್ 2018ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ತಂಡದ ಎದುರು ಕೊನೆಯ ಕ್ಷಣದಲ್ಲಿ ಚೆಂಡು ಹಿಡಿದು ಓಡಿ, ಸೋತೇಹೋಗಿದ್ದ ಪಂದ್ಯವನ್ನು 29–24ರಿಂದ ಗೆಲ್ಲಿಸಿದವನು. ಅಂದು ಎಂಟೊಂಬತ್ತು ವರ್ಷದವನಾಗಿದ್ದ ಹುಡುಗನ ಪಾಲಿಗೆ ಅವನು ಅಭಿಮನ್ಯುವೇ. ಅವನ 14ನೆಯ ಸಂಖ್ಯೆಯ ಅಂಗಿಯನ್ನು ಮೊಮ್ಮಗ ಮಡಚಿ ಕಪಾಟಿನ ತಳಕ್ಕೆ ಹಾಕಿದ್ದನ್ನು ನಾವು ಕಂಡೆವು.

ಅಲ್ಲಿಯ ಫುಟ್‌ಬಾಲ್ ನಮ್ಮ ಕಾಸರಗೋಡಿನ ಗದ್ದೆಗಳಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಕಾಲಿನ ಕೆಲಸ ಕಡಿಮೆ, ಕೈಯ ಕೆಲಸವೇ ಹೆಚ್ಚು. ಒಂದೊಂದು ಕಡೆ ಹನ್ನೊಂದು ಜನ. ನಾಲ್ಕು ಅವಕಾಶಗಳಲ್ಲಿ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು, ಒಯ್ದರೆ ಮತ್ತೆ ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಎಂಬವನು ಚೆಂಡನ್ನು ಎಸೆಯುತ್ತಾನೆ. ಮುಂದಕ್ಕೆ ಓಡಿ, ಎದುರಾಳಿಯಿಂದ ತಪ್ಪಿಸಿಕೊಂಡು ಅದನ್ನು ಹಿಡಿಯುವವನು ವೈಡ್ ರಿಸೀವರ್. ಈ ರಿಸೀವರುಗಳಲ್ಲೂ ಎರಡು ಬಗೆ. ಕಣದ ಅಂಚಿನಲ್ಲಿ ನಿಲ್ಲುವವನು ಒಬ್ಬ. ಎದುರಾಳಿ ಅವನ ಮೂಗಿನೆದುರೇ ನಿಂತಿರುತ್ತಾನೆ. ಮೊದಲ ಐದು ಗಜದೊಳಗೆ ಕೈಯಿಂದ ತಡೆದು ನೂಕುವುದಕ್ಕೂ ಅಲ್ಲಿ ನಿಯಮದ ಒಪ್ಪಿಗೆಯಿದೆ. ಅಂಚಿನವನಿಗೂ ನಡುವಿನ ಗುಂಪಿಗೂ ಮಧ್ಯೆ, ಗೆರೆಯಿಂದ ತುಸು ಹಿಂದೆ ನಿಲ್ಲುವವನು ಇನ್ನೊಬ್ಬ. ಅವನು ಸ್ಲಾಟ್ ರಿಸೀವರ್. ಅವನಿಗೆ ಓಟ ಆರಂಭಿಸಲು ಸ್ವಲ್ಪ ಉಸಿರಾಡುವ ಜಾಗವಿರುತ್ತದೆ. ಕಬಡ್ಡಿ ಬಲ್ಲ ನಮ್ಮವರಿಗೆ ಮೂಲೆಯಲ್ಲಿ ನಿಲ್ಲುವವನ ಕೆಲಸ ಬೇರೆ, ನಡುವಿನವನ ಕೆಲಸ ಬೇರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಿಗ್ಸ್‌ನನ್ನು ಕೊಟ್ಟು ವೈಕಿಂಗ್ಸ್ ಪಡೆದವುಗಳಲ್ಲಿ ಮುಖ್ಯವಾದದ್ದು ಆ ವರ್ಷದ ಡ್ರಾಫ್ಟಿನ 22ನೆಯ ಸರದಿ. ಡ್ರಾಫ್ಟ್ ಎಂದರೆ ನಮ್ಮಲ್ಲಿಯ ಹಾಗೆ ದುಡ್ಡಿನ ಹರಾಜಲ್ಲ. 32 ತಂಡಗಳು ಸರದಿಯ ಪ್ರಕಾರ ಕಾಲೇಜು ಆಟಗಾರರ ಹೆಸರು ಕೂಗುತ್ತವೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಕರೆದ ತಂಡಕ್ಕೆ ಹುಡುಗ ಹೋಗಬೇಕು. ಏಪ್ರಿಲ್ 23ರ ಸಂಜೆ, ಲಾಸ್ ವೇಗಸ್‌ನಲ್ಲಿ ಜಾತ್ರೆಯಂತೆ ನಡೆಯಬೇಕಿದ್ದ ಈ ಕಾರ್ಯಕ್ರಮವನ್ನು ಲೀಗಿನ ಆಯುಕ್ತರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕುಳಿತು ನಡೆಸಿದರು. ದೇಶವಿಡೀ ಮನೆಯೊಳಗಿದ್ದುದರಿಂದ ಎಲ್ಲರೂ ನೋಡುತ್ತಿದ್ದರು. ನಾವೂ ನೋಡಿದೆವು, ಹೋಗಲು ಬೇರೆ ಎಲ್ಲಿತ್ತು?

ಆ ವರ್ಷ ರಿಸೀವರುಗಳ ಸುಗ್ಗಿ. ಮೊದಲ ಸುತ್ತಿನಲ್ಲೇ ಆರು ಮಂದಿಯ ಹೆಸರು ಬಂತು. 12ನೆಯ ಸರದಿಯಲ್ಲಿ ಹೆನ್ರಿ ರಗ್ಸ್, 15ರಲ್ಲಿ ಜೆರಿ ಜೂಡಿ, 17ರಲ್ಲಿ ಸೀಡೀ ಲ್ಯಾಂಬ್. 21ನೆಯ ಸರದಿ ಫಿಲಡೆಲ್ಫಿಯದ್ದು. ಅವರಿಗೂ ರಿಸೀವರ್ ಬೇಕಿತ್ತು. ಜಸ್ಟಿನ್ ಜೆಫರ್ಸನ್ ಹೆಸರು ಬರುತ್ತದೆಂದು ಟಿ.ವಿ.ಯವರು ಹೇಳುತ್ತಿದ್ದರು. ಅವರು ಜೇಲನ್ ರೇಗರ್ ಎಂದು ಕರೆದರು. ಮುಂದಿನ ಕ್ಷಣ ವೈಕಿಂಗ್ಸ್ 22ನೆಯವನಾಗಿ ಜೆಫರ್ಸನ್‌ನನ್ನು ಕರೆಯಿತು. ಮೊಮ್ಮಗ ಎದ್ದು ಹೋದ. ಮಗ ತಲೆ ಕೈಯಲ್ಲಿ ಹಿಡಿದು ಕುಳಿತ.

ಮರುದಿನದಿಂದ ಚರ್ಚೆ ಅಂಗಳಕ್ಕೆ ಇಳಿಯಿತು. ಪಕ್ಕದ ಮನೆಯ ಹಿರಿಯರು ಅಂಗಳದ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡರು, ಮಗ ಈ ತುದಿಯಲ್ಲಿ. ನಡುವೆ ಆರಡಿಯಲ್ಲ, ಹದಿನಾರಡಿ ಅಂತರವಿದ್ದುದರಿಂದ ಇಬ್ಬರೂ ಕೂಗಿಯೇ ಮಾತಾಡಬೇಕಿತ್ತು. ಕೂಗುವುದಕ್ಕೆ ಅದೊಂದು ನೆಪವೂ ಆಯಿತೆನ್ನಿ.

ಮಗನ ವಾದ ಹೀಗೆ. ಜೆಫರ್ಸನ್ ಲೂಯಿಸಿಯಾನದ ಎಲ್‌ಎಸ್‌ಯು ತಂಡದಲ್ಲಿ 2019ರಲ್ಲಿ 111 ಸಲ ಚೆಂಡು ಹಿಡಿದು 1,540 ಗಜ ಗಳಿಸಿದ್ದು ನಿಜ. ಆದರೆ ಗಳಿಸಿದ್ದು ಸ್ಲಾಟಿನಲ್ಲಿ ನಿಂತು. ಚೆಂಡೆಸೆದವನು ಆ ವರ್ಷದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಜೋ ಬರೋ. ಅಂಚಿನಲ್ಲಿ ಎದುರಾಳಿಗಳನ್ನು ಸೆಳೆದಿಟ್ಟವನು ಜಮಾರ್ ಚೇಸ್. ಹಸನಾದ ಗದ್ದೆಯಲ್ಲಿ ಯಾರು ಬಿತ್ತಿದರೂ ಬೆಳೆಯುತ್ತದೆ. ನಮಗೆ ಹೋದದ್ದು ಅಂಚಿನ ಆಟಗಾರ. ಸ್ಲಾಟಿನಲ್ಲಿ ನಿಲ್ಲಬಲ್ಲ ಆ್ಯಡಮ್ ಥೀಲೆನ್ ತಂಡದಲ್ಲಿ ಈಗಾಗಲೇ ಇದ್ದಾನೆ. ಮೂರು ಮಂದಿ ರಿಸೀವರುಗಳನ್ನು ಒಟ್ಟಿಗೆ ಇಳಿಸುವುದೇ ಈ ತಂಡದಲ್ಲಿ ಅಪರೂಪ. ಹಾಗಿದ್ದರೆ ಇವನು ಎಲ್ಲಿ ನಿಲ್ಲಬೇಕು? ‘ಒಳ್ಳೆಯ ಆಟಗಾರ ಅಪ್ಪಾ, ಇಲ್ಲ ಎನ್ನುವುದಿಲ್ಲ. ನಮಗೆ ಫಿಟ್ ಅಲ್ಲ, ಅಷ್ಟೆ’ ಎಂದು ನಮ್ಮ ಕಡೆ ತಿರುಗಿ ಹೇಳಿದ.

ನೆರೆಯವರು 1961ರಲ್ಲಿ ತಂಡ ಹುಟ್ಟಿದಾಗಿನಿಂದ ಅದನ್ನು ನೋಡುತ್ತ ಬಂದವರು. ನಾಲ್ಕು ಸಲ ಅಂತಿಮ ಪಂದ್ಯಕ್ಕೆ ಹೋಗಿ ನಾಲ್ಕೂ ಸಲ ಸೋತ ತಂಡವದು. ಇಂಥ ತಂಡದ ಅಭಿಮಾನಿಗೆ ಆಸೆಯೂ ಭಯವೂ ಒಂದೇ ಬಟ್ಟಲಲ್ಲಿ ಇರುತ್ತವೆ. 2016ರಲ್ಲಿ 23ನೆಯವನಾಗಿ ಲಕ್ವಾನ್ ಟ್ರೆಡ್‌ವೆಲ್‌ನನ್ನು ತಂದು ಮೊದಲ ವರ್ಷದಲ್ಲಿ ಅವನು ಒಂದೇ ಒಂದು ಚೆಂಡು ಹಿಡಿದದ್ದನ್ನು ನೆನೆದು ಅವರು ನಿಟ್ಟುಸಿರು ಬಿಡುತ್ತಿದ್ದರು. ಮರುಕ್ಷಣವೇ 1998ರ ರ್‍ಯಾಂಡಿ ಮಾಸ್‌ನ ಕಥೆ. ಅಂದು ಇಪ್ಪತ್ತು ಸರದಿಗಳು ಮುಗಿಯುವ ತನಕ ಯಾರೂ ಬೇಡವೆಂದ ಹುಡುಗ ಮೊದಲ ವರ್ಷವೇ 1,313 ಗಜ ಗಳಿಸಿದ್ದ. ‘ಯಾರಿಗೆ ಗೊತ್ತು’ ಎಂಬುದು ಅವರ ವಾದದ ಸಾರ. ಮಗನಿಗೆ ಅದು ವಾದವೆಂದೇ ಅನಿಸುತ್ತಿರಲಿಲ್ಲ.

ಈ ತಕರಾರು ಒಂದು ವಾರ ನಡೆದ ಮೇಲೆ ಮೊಮ್ಮಗ ಹೊರಗೆ ಬಂದ. ಶಾಲೆಯ ಆನ್‌ಲೈನ್ ಪಾಠದ ನಡುವೆ ಕದ್ದು ಜೆಫರ್ಸನ್‌ನ ಹಳೆಯ ಪಂದ್ಯಗಳನ್ನು ನೋಡುತ್ತಿದ್ದನಂತೆ. ದ್ವೇಷಿಸುವುದಕ್ಕೆ ಕಾರಣ ಹುಡುಕಲು ನೋಡಿದ್ದು ಎಂದು ಬಳಿಕ ಒಪ್ಪಿಕೊಂಡ. ಒಂದು ಸಂಗತಿ ಅವನ ಕಣ್ಣಿಗೆ ಬಿದ್ದಿತ್ತು. ‘ಎಲ್ಲರೂ 2019 ಮಾತ್ರ ನೋಡ್ತಿದಾರೆ. 2018ರಲ್ಲಿ ಇವನು ಅಂಚಿನಲ್ಲೇ ಆಡಿದಾನೆ, ಅಜ್ಜಾ’ ಎಂದು ತನ್ನ ಟ್ಯಾಬನ್ನು ನಮ್ಮ ಮುಂದೆ ಹಿಡಿದ. 54 ಸಲ ಹಿಡಿದು 875 ಗಜ. ಬರೋ ಅಂದೂ ಇದ್ದ, ಆದರೆ ಅವನಿನ್ನೂ ಆ ಹೆಸರಾಂತ ಬರೋ ಆಗಿರಲಿಲ್ಲ; ತಂಡವೂ ಚಾಂಪಿಯನ್ ಆಗಿರಲಿಲ್ಲ. ಮರುವರ್ಷ ತರಬೇತುದಾರರು ಬೇಕೆಂದು ಸ್ಲಾಟಿಗೆ ನಿಲ್ಲಿಸಿದರು. ಇವನು ಅಲ್ಲಿಯೂ ನಿಂತ.

ಮಗ ಟ್ಯಾಬನ್ನು ಹತ್ತು ನಿಮಿಷ ನೋಡಿ, ‘ಒಂದು ವರ್ಷದ ಹಳೆಯ ಆಟ’ ಎಂದು ಹಿಂದಕ್ಕೆ ಕೊಟ್ಟ. ಅವನ ಹಟ ನಮಗೆ ಹೊಸತಲ್ಲ. ಅದು ಎಲ್ಲಿಂದ ಬಂತೆಂದೂ ಗೊತ್ತು.

ಆ ರಾತ್ರಿ ನಾವಿಬ್ಬರೂ ಒಂದೇ ಸಂಗತಿಯನ್ನು ನೆನೆಯುತ್ತಿದ್ದೇವೆಂಬುದು ಒಬ್ಬರು ಬಾಯಿ ಬಿಟ್ಟಾಗ ತಿಳಿಯಿತು. 2003ರ ಮೇ ತಿಂಗಳು. ನಮ್ಮ ಅನುದಾನಿತ ಶಾಲೆಯ ಹೈಸ್ಕೂಲಿನಲ್ಲಿ ಕನ್ನಡ ಅಧ್ಯಾಪಕರ ಒಂದು ಹುದ್ದೆ ತೆರವಾಗಿತ್ತು. ಗಡಿಯ ಕನ್ನಡ ಶಾಲೆಯಲ್ಲಿ ಒಂದು ಹುದ್ದೆ ಎಂದರೇನೆಂದು ಈ ಸಂಚಿಕೆಯ ಓದುಗರಿಗೆ ಗೊತ್ತು. ಮಕ್ಕಳ ತಲೆ ಎಣಿಸಿ ಹುದ್ದೆ ಉಳಿಯುತ್ತದೆ, ಎಣಿಕೆ ಇಳಿದರೆ ಹುದ್ದೆಯೇ ಹೋಗುತ್ತದೆ. ಒಂದು ತೆರವಾಗಲು ಹತ್ತು ವರ್ಷ ಕಾಯುವವರಿದ್ದಾರೆ. ಸಂದರ್ಶನಕ್ಕೆ ಐವರು ಬಂದಿದ್ದರು. ಅವರಲ್ಲೊಬ್ಬ ಕೆಳಗಿನ ತರಗತಿಗಳಿಗೆ ದಿನವೇತನದಲ್ಲಿ ಪಾಠ ಮಾಡುತ್ತಿದ್ದ ತರುಣ. ಮಾದರಿ ಪಾಠಕ್ಕೆ ಎಂಟನೆಯ ತರಗತಿಯ ಮಕ್ಕಳನ್ನು ಕೂರಿಸಿದ್ದೆವು. ಆತ ಪದ್ಯವನ್ನು ಹಾಡಿ, ಚಪ್ಪಾಳೆಯಲ್ಲಿ ಮಾತ್ರೆ ಎಣಿಸಿ, ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, ತರಗತಿಯನ್ನೇ ಆಟದ ಬಯಲು ಮಾಡಿಬಿಟ್ಟ. ಮಕ್ಕಳು ನಕ್ಕರು, ಕಲಿತರು ಕೂಡ. ನಾವು ನಗಲಿಲ್ಲ.

ಮ್ಯಾನೇಜರರು ನಮ್ಮ ಅಭಿಪ್ರಾಯ ಕೇಳಿದರು. ‘ಚಿಕ್ಕ ಮಕ್ಕಳಿಗೆ ಬಹಳ ಒಳ್ಳೆಯವರು. ಹೈಸ್ಕೂಲಿಗೆ ಹೊಂದುವುದಿಲ್ಲ’ ಎಂದೆವು. ಒಬ್ಬರು ಸಭೆಯಲ್ಲಿ ಹೇಳಿದ್ದು, ಇನ್ನೊಬ್ಬರು ಹಿಂದಿನ ರಾತ್ರಿ ಮನೆಯಲ್ಲಿ ಹೇಳಿದ್ದು, ಪಾಲು ಸಮ. ಹತ್ತನೆಯ ತರಗತಿಯ ಮಕ್ಕಳು ಈತನನ್ನು ಹುರಿದು ಮುಕ್ಕಿಯಾರು, ಹಳಗನ್ನಡದ ಮುಂದೆ ಚಪ್ಪಾಳೆ ನಡೆಯದು ಎಂಬುದು ನಮ್ಮ ಲೆಕ್ಕ. ಬೇರೊಬ್ಬರ ನೇಮಕವಾಯಿತು. ಅವರೂ ಒಳ್ಳೆಯ ಅಧ್ಯಾಪಕರೇ, ಅವರ ಮೇಲೆ ನಮ್ಮದೊಂದು ದೂರೂ ಇಲ್ಲ. ತರುಣ ಎರಡು ವರ್ಷ ಅಲ್ಲಿ ಇಲ್ಲಿ ದಿನವೇತನದಲ್ಲಿ ದುಡಿದು, ಬಳಿಕ ಪೇಟೆಯಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟನೆಂದು ಕೇಳಿದೆವು.

ಹೊಂದಿಕೆ ಎಂಬುದೇ ಪೊಳ್ಳು ಎಂದು ನಾವು ಹೇಳುತ್ತಿಲ್ಲ. ಕನ್ನಡ ಬಾರದವರನ್ನು ಕನ್ನಡ ತರಗತಿಯಲ್ಲಿ ನಿಲ್ಲಿಸಿದಾಗ ನಾವೂ ನಿಮ್ಮೊಡನೆ ಬಿಸಿಲಿನಲ್ಲಿ ಧರಣಿ ಕುಳಿತವರು. ನಮ್ಮನ್ನು ಆ ರಾತ್ರಿ ಚುಚ್ಚಿದ್ದು ಬೇರೆ. ಫಿಲಡೆಲ್ಫಿಯ ಬೇಡವೆಂದ ಹುಡುಗನಿಗೆ ಮರುಕ್ಷಣ 22ನೆಯ ತಂಡವಿತ್ತು. ಅದು ಬಿಟ್ಟಿದ್ದರೆ 23, 24, ಹೀಗೆ 32ರ ತನಕ. ಅಲ್ಲಿ ಒಬ್ಬರು ತಪ್ಪಾಗಿ ತೂಗಿದರೆ ಇನ್ನೊಬ್ಬರ ತಕ್ಕಡಿ ಸಿದ್ಧವಿರುತ್ತದೆ. ನಾವು ಬೇಡವೆಂದ ತರುಣನಿಗೆ ಇಪ್ಪತ್ತೆರಡನೆಯ ಶಾಲೆ ಇರಲಿಲ್ಲ. ಹೊಳೆಯ ಆಚೆ ಒಂದು ಕನ್ನಡ ಹೈಸ್ಕೂಲು, ಅಲ್ಲಿ ತೆರವಿಲ್ಲ. ರಾಜ್ಯದ ಗಡಿ ದಾಟಿದರೆ ಅಲ್ಲಿಯ ನಿಯಮ ಬೇರೆ, ಪಟ್ಟಿ ಬೇರೆ.

ಸೆಪ್ಟೆಂಬರಿನಲ್ಲಿ ಪಂದ್ಯಗಳು ಆರಂಭವಾದವು. ಪ್ರೇಕ್ಷಕರಿಲ್ಲದ ಖಾಲಿ ಕ್ರೀಡಾಂಗಣ, ನಮ್ಮ ಮಳೆಗಾಲದ ಶಾಲಾ ಮೈದಾನದಂತೆ ಬಿಕೋ ಎನ್ನುತ್ತಿತ್ತು. ಮೊದಲ ಎರಡು ಪಂದ್ಯಗಳಲ್ಲಿ ಜೆಫರ್ಸನ್‌ನನ್ನು ಆರಂಭದಿಂದ ಇಳಿಸಲಿಲ್ಲ. ಒಂದರಲ್ಲಿ ಎರಡು ಚೆಂಡು, ಇನ್ನೊಂದರಲ್ಲಿ ಮೂರು. ‘ಹೇಳಲಿಲ್ಲವೇ?’ ಎಂದು ಮಗ ಅಂಗಳದಾಚೆಗೆ ಕೂಗಿದ. ಹಿರಿಯರು ಟ್ರೆಡ್‌ವೆಲ್‌ನನ್ನು ಮತ್ತೆ ನೆನೆದರು. ಸೆಪ್ಟೆಂಬರ್ 27ರಂದು ಟೆನೆಸಿ ತಂಡದ ಎದುರು ಮೊದಲ ಬಾರಿಗೆ ಆರಂಭದಿಂದಲೇ ಆಡಿಸಿದರು. ಏಳು ಸಲ ಹಿಡಿದು 175 ಗಜ. ಅದರಲ್ಲೊಂದು 71 ಗಜದ ಓಟ, ಗೆರೆ ದಾಟಿ ಅವನು ಕುಣಿದ ಒಂದು ವಿಚಿತ್ರ ಕುಣಿತ. ಮೊಮ್ಮಗನೂ ಸೋಫಾದ ಮೇಲೆ ಅದನ್ನೇ ಕುಣಿದ. ತಂಡ 31–30ರಿಂದ ಸೋತಿತು ಎಂಬುದನ್ನು ಅಂದು ಆ ಮನೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಿರಿಯರು ತಮ್ಮ ಬಾಗಿಲಲ್ಲಿ ನಿಂತು ಎರಡು ಕೈಯನ್ನೂ ಮೇಲೆತ್ತಿದರು. ಮಗ ಬಹಳ ಹೊತ್ತು ಸುಮ್ಮನಿದ್ದು, ‘ಅಂಚಿನಲ್ಲೇ ನಿಂತಿದ್ದ’ ಎಂದಷ್ಟೇ ಹೇಳಿದ.

ಉಳಿದದ್ದನ್ನು ಚುಟುಕಾಗಿ ಹೇಳಬಹುದು. ಆ ವರ್ಷ ಜೆಫರ್ಸನ್ 88 ಸಲ ಹಿಡಿದು 1,400 ಗಜ ಗಳಿಸಿ ಮಾಸ್‌ನ ದಾಖಲೆಯನ್ನು ದಾಟಿದ. 2022ರಲ್ಲಿ 1,809 ಗಜ. ಬಫಲೋಗೆ ಹೋದ ಡಿಗ್ಸ್ ಕೂಡ ಮೊದಲ ವರ್ಷವೇ 1,535 ಗಜ ಗಳಿಸಿ ಇಡೀ ಲೀಗಿಗೆ ಮೊದಲಿಗನಾದ, ಅಂದರೆ ಆ ವಿನಿಮಯದಲ್ಲಿ ಯಾರೂ ಮೋಸಹೋಗಲಿಲ್ಲ. ಫಿಲಡೆಲ್ಫಿಯ ಕರೆದ ರೇಗರ್ ಅಲ್ಲಿ ನೆಲೆಯೂರಲಿಲ್ಲ. 2022ರಲ್ಲಿ ಅವನನ್ನು ಬಿಟ್ಟುಕೊಟ್ಟದ್ದು ಎಲ್ಲಿಗೆಂದರೆ, ವೈಕಿಂಗ್ಸ್‌ಗೇ. ಮೊಮ್ಮಗ ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಅವನ ದನಿಯಲ್ಲಿ ಗೆಲುವಿಗಿಂತ ಕನಿಕರ ಹೆಚ್ಚಿತ್ತು. ‘ಪಾಪ, ಅವನೇನು ಮಾಡಿಯಾನು ಅಜ್ಜಿ, ಕರೆದದ್ದು ಅವರು’ ಎಂದ.

ನಾವು ಅಕ್ಟೋಬರಿನಲ್ಲಿ ಊರಿಗೆ ಮರಳಿ, ಹದಿನಾಲ್ಕು ದಿನ ಮನೆಯೊಳಗೆ ಕುಳಿತು, ಹೊರಗೆ ಬಂದೆವು. ಆ ಅಂಗಡಿಗೆ ಹೋಗಬೇಕೆಂದು ಅಂದೇ ಅಂದುಕೊಂಡಿದ್ದೆವು. ಹೋದದ್ದು ಕಳೆದ ಮಳೆಗಾಲದಲ್ಲಿ. ನಡುವಿನ ವರ್ಷಗಳಲ್ಲಿ ಬಲ್ಬು ಬೇಕಾದಾಗಲೆಲ್ಲ ಬೇರೆ ಅಂಗಡಿಯಿಂದ ತಂದೆವು. ಅದಕ್ಕೆ ನೆಪಗಳಿದ್ದವು, ಇಲ್ಲಿ ಬರೆಯುವಂಥವಲ್ಲ.

ತರುಣ ಈಗ ತರುಣನಲ್ಲ, ಕಿವಿಯ ಬದಿ ನರೆತಿದೆ. ನಮ್ಮನ್ನು ಕಂಡೊಡನೆ ಸ್ಟೂಲು ಎಳೆದು ಕೂರಿಸಿ, ಪಕ್ಕದ ಹೋಟೆಲಿನಿಂದ ಚಹಾ ತರಿಸಿದ. ಮಗ ಸೊಸೆ ಹೇಗಿದ್ದಾರೆ, ಅಮೆರಿಕದಲ್ಲಿ ಚಳಿ ಎಷ್ಟು ಎಂದೆಲ್ಲ ವಿಚಾರಿಸಿದ. ಮಾತಿನ ನಡುವೆ, ಹೇಗೆ ಹೊರಬಿತ್ತೋ, ಆ ಸಂದರ್ಶನದ ಮಾತೂ ಬಂತು. ಅಂದು ನಮ್ಮ ಅಭಿಪ್ರಾಯದಿಂದಲೇ ನಿಮಗೆ ಕೆಲಸ ತಪ್ಪಿತು, ಹೈಸ್ಕೂಲಿನ ದೊಡ್ಡ ಮಕ್ಕಳನ್ನು ನಿಭಾಯಿಸಲಾರಿರಿ ಎಂದು ನಾವೇ ಹೇಳಿದ್ದು ಎಂದೆವು.

ಆತ ಅಚ್ಚರಿಪಡಲಿಲ್ಲ. ಹೋಲ್ಡರಿನ ಸ್ಕ್ರೂ ತಿರುಗಿಸುತ್ತ, ‘ಘಟ್ಟದ ಮೇಲೆ ಒಂದು ವರ್ಷ ಹತ್ತನೆಯ ತರಗತಿಗೇ ಪಾಠ ಮಾಡಿದ್ದೆ ಮಾಸ್ಟ್ರೇ’ ಎಂದ. ‘ಅರ್ಜಿಯ ಎರಡನೆಯ ಪುಟದಲ್ಲಿ ಬರೆದಿತ್ತು.’

ನಮ್ಮಿಬ್ಬರ ಕೈಯಲ್ಲೂ ಚಹಾದ ಲೋಟವಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಫ್ಯೂಸ್ ವೈರ್ ಕೇಳಿದರು. ಆತ ಎದ್ದು ಹೋಗಿ ಅಳೆದು ಕತ್ತರಿಸಿ ಕೊಟ್ಟು ಬಂದು, ನಮ್ಮ ಎರಡು ಬಲ್ಬುಗಳನ್ನು ಉರಿಸಿ ತೋರಿಸಿದ. ಬಿಲ್ಲನ್ನು ಕನ್ನಡದಲ್ಲಿ ಬರೆದ, ಅಂಕೆಗಳನ್ನೂ ಕೂಡ. ‘ಟೀಚರಿಗೆ ಚಹಾ ತಣಿಯಿತೇನೋ, ಇನ್ನೊಂದು ಹೇಳಲೇ?’ ಎಂದು ಕೇಳಿದ.